ನೇಪಾಳಯಾತ್ರೆಗೆ ಬಸ್ಸನ್ನು ಗೊತ್ತುಮಾಡುವ ವಿಷಯ

ಹೋದ ತಿಂಗಳ ಸಂಚಿಕೆಯಲ್ಲಿ ಯಾತ್ರೆಗೆ ಹೊರಡುವವರು ಕಟ್ಟಿಕೊಳ್ಳಬೇಕಾದ ಬುತ್ತಿಯನ್ನು ಕುರಿತು ನಾವು ಬರೆದುದನ್ನು ಓದಿ, ಹಾಸನದ ಕಡೆಯ ಗೃಹಿಣಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಬಂಧುಗಳು 20 ಮಂದಿ ಕೂಡಿ ಪಶುಪತಿನಾಥನ ದರ್ಶನಕ್ಕೆ ಹೊರಡುವವರಂತೆ. ಗೋರಖಪುರದಿಂದಲೇ ಬಸ್ಸನ್ನು ತೆಗೆದುಕೊಂಡು ಹೋಗುವುದೋ, ಗಡಿಯನ್ನು ದಾಟಿದ ಮೇಲೆ ಅಲ್ಲಿಯ ಬಸ್ಸನ್ನು ಗೊತ್ತುಮಾಡುವುದೋ, ಬಾಡಿಗೆ ಮಾತನಾಡುವಾಗ ಏನೇನನ್ನು ಕೇಳತಕ್ಕದ್ದು ಎಂಬುದು ಅವರ ಪ್ರಶ್ನೆ. "ನಮ್ಮ ಗಂಡಸರು ಬಾಡಿಗೆ ಎಷ್ಟೆಂಬುದನ್ನು ಮಾತ್ರ ಕೇಳುತ್ತಾರೆ, ಉಳಿದುದನ್ನು ನೀವು ಬರೆಯಿರಿ" ಎಂದು ಕೊನೆಯಲ್ಲಿ ಒಂದು ಸಾಲನ್ನೂ ಸೇರಿಸಿದ್ದಾರೆ. ಆ ಸಾಲು ನಮ್ಮನ್ನು ಕಂಡೇ ಬರೆದಂತಿದೆ. 2024ನೆಯ ಇಸವಿಯ ಮಾರ್ಗಶಿರ ಮಾಸದಲ್ಲಿ ನಮ್ಮ ಬಂಧುವರ್ಗದ 17 ಮಂದಿಗೆ ನೇಪಾಳದಲ್ಲಿ ಬಸ್ಸನ್ನು ಗೊತ್ತುಮಾಡಿದವರು ನಾವೇ. ಬಾಡಿಗೆ ಎಷ್ಟೆಂದು ಮಾತ್ರ ಕೇಳಿದವರೂ ನಾವೇ. ಆದಕಾರಣ ಈ ವಿಷಯದಲ್ಲಿ ಬರೆಯುವುದಕ್ಕೆ ನಮಗೆ ಸ್ವಲ್ಪ ಅಧಿಕಾರವುಂಟೆಂದು ವಾಚಕರು ಒಪ್ಪಬಹುದು.

ನೇಪಾಳವು ಪರದೇಶವಾದರೂ ನಮ್ಮವರಿಗೆ ಪರಸ್ಥಳವೆಂದು ತೋರುವುದಿಲ್ಲ. ಪಶುಪತಿನಾಥನ ಗರ್ಭಗೃಹದಲ್ಲಿ ಪೂಜೆಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯಿಂದ ಹೋದವರು. ವೈಷ್ಣವರ ಮನೆಗಳಲ್ಲಿ ಪೂಜೆಗೊಳ್ಳುವ ಸಾಲಗ್ರಾಮವು ಅಲ್ಲಿಯ ಕಾಳಿಗಂಡಕಿಯಿಂದ ಬಂದದ್ದು. ಭಾರತದ ಪ್ರಜೆಗೆ ವೀಸಾ ಬೇಡ. ಹೀಗಿರುವುದರಿಂದಲೇ ನಾವು ಮೈಮರೆಯುತ್ತೇವೆ. ಧರ್ಮಸ್ಥಳಕ್ಕೆ ಗಾಡಿ ಮಾತನಾಡಿದಂತೆ ಕಾಠಮಾಂಡುವಿಗೂ ಮಾತನಾಡಿಬಿಡುತ್ತೇವೆ. ಆದರೆ ಗಡಿಯು ಗಡಿಯೇ. ಪಾಸ್‌ಪೋರ್ಟಾಗಲಿ ಚುನಾವಣಾ ಆಯೋಗದ ಗುರುತಿನ ಚೀಟಿಯಾಗಲಿ ಪ್ರತಿಯೊಬ್ಬರ ಕೈಯಲ್ಲಿಯೂ ಇರಬೇಕು; 15 ವರ್ಷಕ್ಕೆ ಕೆಳಗಿನವರಿಗೂ 65ಕ್ಕೆ ಮೇಲ್ಪಟ್ಟವರಿಗೂ ಇದರಲ್ಲಿ ಸಡಿಲಿಕೆಯುಂಟು. ನಡುವಯಸ್ಸಿನವರು ಆಧಾರ್ ಚೀಟಿಯೊಂದನ್ನೇ ನಂಬಿ ಹೊರಡಬಾರದು.

ಮೊದಲನೆಯ ಪ್ರಶ್ನೆಗೆ ಬರುವೆವು. ಗೋರಖಪುರದಿಂದ ಸುನೌಲಿಯ ಗಡಿಗೆ ಸುಮಾರು 100 ಕಿಲೋಮೀಟರು. ಗೋರಖಪುರದಲ್ಲಿಯೇ ಬಸ್ಸನ್ನು ಹಿಡಿದರೆ ಸಾಮಾನನ್ನು ಇಳಿಸಿ ಹತ್ತಿಸುವ ಕಷ್ಟ ಒಂದು ಸಲ ತಪ್ಪುತ್ತದೆ, ಭಾಷೆ ಹಿಂದಿಯಾದುದರಿಂದ ಚೌಕಾಸಿಯೂ ಸುಲಭ. ಇಂತಹ ಬಸ್ಸು ಗಡಿಯಲ್ಲಿ ನಿಂತು, ನೇಪಾಳದವರ ಸುಂಕದ ಕಟ್ಟೆಯಲ್ಲಿ ದಿನವೊಂದಕ್ಕೆ ಇಷ್ಟೆಂದು ಹಣ ಕಟ್ಟಿ, ಅಪ್ಪಣೆಯ ಚೀಟಿಯನ್ನು ಪಡೆಯಬೇಕು. ಆ ಕಟ್ಟೆಗೆ ಅವರು 'ಭನ್ಸಾರ್' ಎನ್ನುತ್ತಾರೆ. ಈ ಶಬ್ದವನ್ನು ಕೇಳಿದೊಡನೆ ನಮಗೆ ಸಂಸ್ಕೃತದ 'ಭಾಂಡಶಾಲಾ'ವೂ ನಮ್ಮ ಕರಾವಳಿಯ ಬಂಡಸಾಲೆಯೂ ನೆನಪಿಗೆ ಬಂದುವು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗಡಿಯ ಅಧಿಕಾರಿಯಾದ ಅಂತಪಾಲನು ಸರಕಿನ ಗಾಡಿಯೊಂದಕ್ಕೆ ಒಂದೂಕಾಲು ಪಣ ದಾರಿಸುಂಕವನ್ನು ತೆಗೆದುಕೊಳ್ಳತಕ್ಕದ್ದೆಂದು ವಿಧಿಸಿದೆ. ಸುಂಕ ತೆಗೆದುಕೊಂಡ ಮೇಲೆ ದಾರಿಯಲ್ಲಿ ಕಳೆದುಹೋದದ್ದನ್ನು ಅವನೇ ತುಂಬಿಕೊಡಬೇಕೆಂದೂ ಇದೆ. ಈಗಿನ ಕಟ್ಟೆಯವರು ಮೊದಲನೆಯ ಅರ್ಧವನ್ನು ಮಾತ್ರ ಉಳಿಸಿಕೊಂಡಿದ್ದಾರೆ.

ತುಂಬಿಕೊಡುವ ಮಾತು ಬಂದುದರಿಂದ ವಿಮೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ನಮ್ಮ ದೇಶದ ಮೋಟಾರು ವಿಮೆಯ ಪತ್ರವು ಸಾಮಾನ್ಯವಾಗಿ ಭಾರತದ ಮೇರೆಯೊಳಗೆ ಮಾತ್ರ ನಡೆಯುತ್ತದೆ. ನೇಪಾಳ, ಭೂತಾನ, ಬಾಂಗ್ಲಾದೇಶ, ಶ್ರೀಲಂಕೆ ಮೊದಲಾದ ನೆರೆಯ ದೇಶಗಳಿಗೆ ಅದನ್ನು ವಿಸ್ತರಿಸಬೇಕಾದರೆ ಹೆಚ್ಚಿನ ಹಣ ಕೊಟ್ಟು ಪತ್ರದಲ್ಲಿ ಪ್ರತ್ಯೇಕವಾಗಿ ಬರೆಸಬೇಕು. ಗೋರಖಪುರದ ಬಸ್ಸನ್ನೇ ತೆಗೆದುಕೊಳ್ಳುವವರು "ವಿಮೆ ಉಂಟೇ?" ಎಂದು ಕೇಳಿದರೆ ಸಾಲದು. ಎಲ್ಲರೂ ಉಂಟೆಂದೇ ಹೇಳುವರು. ಪತ್ರವನ್ನು ತರಿಸಿ, ನೇಪಾಳದ ಹೆಸರು ಇರುವ ಸಾಲಿನ ಮೇಲೆ ಬೆರಳಿಟ್ಟು ತೋರಿಸೆಂದು ಹೇಳಬೇಕು. ನಮ್ಮ ಎದುರಿಗೆ ಒಬ್ಬ ಏಜಂಟನು ಆ ಸಾಲನ್ನು ಕಾಲು ಗಂಟೆ ಹುಡುಕಿ, ಕೊನೆಗೆ ಚಹಾ ತರಿಸಿದನು.

ಅದಕ್ಕಿಂತಲೂ ದೊಡ್ಡ ಕಾರಣವೆಂದರೆ ಬೆಟ್ಟದ ದಾರಿ. ಗೋರಖಪುರದ ಡ್ರೈವರು ಬಯಲುನಾಡಿನವನು. ಬುಟವಲದಲ್ಲಿ ಬೆಟ್ಟವು ಆರಂಭವಾದ ಮೇಲೆ ಅವನೂ ನಮ್ಮಂತೆಯೇ ಯಾತ್ರಿಕನಾಗಿಬಿಡಬಹುದು. ಎಲ್ಲರೂ ಹಾಗೆಯೇ ಎಂದು ನಾವು ಹೇಳುವುದಿಲ್ಲ. ವರ್ಷಕ್ಕೆ ಹತ್ತು ಸಲ ಹೋಗಿಬರುವ ನುರಿತವರೂ ಇದ್ದಾರೆ. 2024ನೆಯ ಆಗಸ್ಟ್ 23ರಂದು ಮಹಾರಾಷ್ಟ್ರದ ಯಾತ್ರಿಕರನ್ನು ಪೋಖರಾದಿಂದ ಕಾಠಮಾಂಡುವಿಗೆ ಕರೆದೊಯ್ಯುತ್ತಿದ್ದ ಉತ್ತರಪ್ರದೇಶದ ಬಸ್ಸೊಂದು ತನಹೂ ಜಿಲ್ಲೆಯಲ್ಲಿ ಮರ್ಸ್ಯಾಂಗ್ದಿ ನದಿಗೆ ಉರುಳಿ 27 ಮಂದಿ ತೀರಿಕೊಂಡರು. ಅದಕ್ಕೆ ಆರು ವಾರ ಮುಂಚೆ, ಜುಲೈ 12ರ ಬೆಳಗಿನ ಜಾವದಲ್ಲಿ, ನಾರಾಯಣಗಢದಿಂದ ಮುಗ್ಲಿಂಗಿಗೆ ಹೋಗುವ ದಾರಿಯ ಸಿಮಲತಾಲ್ ಎಂಬಲ್ಲಿ ಗುಡ್ಡ ಜರಿದು ಎರಡು ಬಸ್ಸುಗಳನ್ನು ತ್ರಿಶೂಲೀ ನದಿಗೆ ತಳ್ಳಿತು, ಅವೆರಡೂ ನೇಪಾಳದವೇ. ಆದುದರಿಂದ ಬಸ್ಸು ಯಾವ ದೇಶದ್ದಾದರೇನು, ಮಳೆಗಾಲದಲ್ಲಿ ಆ ದಾರಿಯನ್ನು ಹಿಡಿಯಬೇಡಿರೆಂದು ನಮ್ಮ ವಿಜ್ಞಾಪನೆ. ಆಶ್ವಯುಜದ ನವರಾತ್ರಿಯೂ ಒಳ್ಳೆಯದಲ್ಲ. ಅದು ಅಲ್ಲಿಯವರ ದೊಡ್ಡ ಹಬ್ಬವಾದ ದಶೈಂ, ಡ್ರೈವರುಗಳೂ ತಮ್ಮ ತಮ್ಮ ಊರುಗಳಿಗೆ ಹೋಗುವ ಕಾಲ. ಮಾರ್ಗಶಿರದಲ್ಲಿ ಬೆಟ್ಟದ ಮೇಲೆ ಆಕಾಶ ತಿಳಿಯಾಗಿರುತ್ತದೆ, ಕೆಳಗಿನ ತರಾಯಿಯಲ್ಲಿ ಮಾತ್ರ ಮಂಜು. ನಾವು ಸುನೌಲಿಯನ್ನು ದಾಟಿದ ಬೆಳಿಗ್ಗೆ ಹತ್ತು ಗಂಟೆಯವರೆಗೂ ಎದುರಿಗೆ ಬರುವ ಲಾರಿಯು ದೀಪದ ಹೊರತು ಕಾಣುತ್ತಿರಲಿಲ್ಲ.

ನಾವು ಗೊತ್ತುಮಾಡಿದ್ದು ಗಡಿಯಾಚೆಯ ಭೈರಹವಾದಲ್ಲಿ, ನೇಪಾಳದ ಬಸ್ಸು, ಆರು ದಿನಕ್ಕೆ. ಲುಂಬಿನಿ, ಪೋಖರಾ, ಕಾಠಮಾಂಡು, ಮರಳಿ ಭೈರಹವಾ. ಪ್ರವಾಸಿಗಳ ಬಸ್ಸುಗಳಿಗೆ ಅಲ್ಲಿ ಹಸುರು ಫಲಕದ ಮೇಲೆ ಬಿಳಿಯ ಅಕ್ಷರಗಳು; ಸಾಮಾನ್ಯ ಸಾರಿಗೆಯ ಬಸ್ಸುಗಳಿಗೆ ಕಪ್ಪು ಫಲಕ. ಹಳೆಯ ಬಗೆಯ ಫಲಕಗಳು ನಾಗರೀ ಲಿಪಿಯಲ್ಲಿರುವುದರಿಂದ ಸಂಖ್ಯೆಯನ್ನು ಓದಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿತು. ಮೂವತ್ತೈದು ವರ್ಷ ಸಂಸ್ಕೃತ ಹೇಳಿಕೊಟ್ಟದ್ದಕ್ಕೆ ನಮ್ಮ ಬಂಧುಗಳು ಕಂಡ ಪ್ರಯೋಜನ ಇದೊಂದೇ.

ಬಾಡಿಗೆಯನ್ನು ಗೊತ್ತುಮಾಡುವಾಗ "ಇಷ್ಟು ರೂಪಾಯಿ" ಎಂದರೆ ಯಾವ ರೂಪಾಯಿ? ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ. 1993ರಿಂದ ಈ ಲೆಕ್ಕ ಬದಲಾಗಿಲ್ಲ. ಅಂಗಡಿಯವರು ನಮ್ಮದಕ್ಕೆ ಐ.ಸಿ. ಎಂದೂ ತಮ್ಮದಕ್ಕೆ ಎನ್.ಸಿ. ಎಂದೂ ಹೇಳುತ್ತಾರೆ. ಕರಾರಿನಲ್ಲಿ ಈ ಎರಡಕ್ಷರ ಬಿದ್ದಿರದಿದ್ದರೆ ಕೊನೆಯ ದಿನ ಜಗಳ ನಿಶ್ಚಯ. ಹಾಗೆಯೇ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದು. ಮೊದಲನೆಯ ದಿನ ಡ್ರೈವರು ಆರು ಗಂಟೆಗೆ ಬಂದು ನಿಂತು, ನಮ್ಮ ಮಂದಿ ಅವನ ಆರೂಕಾಲಿಗೆ ಇಳಿದು ಬಂದಾಗ, ನಾವು ಹೊತ್ತಿಗೆ ಸರಿಯಾಗಿ ಬಂದೆವೆಂದೂ ಅವನು ತಡವೆಂದೂ ವಾದವಾಯಿತು.

ಆಸನಗಳ ಲೆಕ್ಕದಲ್ಲಿ ಎಲ್ಲರೂ ತಪ್ಪುತ್ತಾರೆ. 17 ತಲೆಗೆ 17 ಆಸನವೆಂದು ನಮ್ಮ ಭಾವಮೈದುನನ ಮತ. ಆದರೆ ಸಾಮಾನೆಲ್ಲಿ? ಅದು ಮಾಡಿನ ಮೇಲೇರುತ್ತದೆ. ಮೇಲೆ ಭಾರ ಹೆಚ್ಚಿದ ಗಾಡಿಯು ತಿರುವಿನಲ್ಲಿ ಹೊರಳುವ ಸಂಭವವೂ ಹೆಚ್ಚುತ್ತದೆ. ಅಮೆರಿಕಾದಲ್ಲಿ 15 ಜನರ ವ್ಯಾನುಗಳನ್ನು ಪರೀಕ್ಷಿಸಿದ ಅಲ್ಲಿಯ ಸರಕಾರದವರು, ಹತ್ತು ಮಂದಿಗೆ ಮೇಲ್ಪಟ್ಟು ಕುಳಿತಾಗ ಅವು ಮಗುಚುವ ಪ್ರಮಾಣವು ಹಗುರಾಗಿದ್ದಾಗಿನದಕ್ಕಿಂತ ಸುಮಾರು ಮೂರು ಪಟ್ಟು ಎಂದು ಕಂಡು, ಮಾಡಿನ ಮೇಲೆ ಏನನ್ನೂ ಹೇರಬೇಡಿರೆಂದು ಜನರಿಗೆ ಎಚ್ಚರಿಕೆ ಕೊಟ್ಟರು. ನಮ್ಮ ಮನೆಯವರು ಹಟಹಿಡಿದು 27 ಆಸನಗಳ ಬಸ್ಸನ್ನೇ ಮಾಡಿಸಿದರು. ಹಿಂದಿನ ಎರಡು ಸಾಲುಗಳಲ್ಲಿ ಪೆಟ್ಟಿಗೆ, ಹಾಸಿಗೆ, ಅವಲಕ್ಕಿಯ ಡಬ್ಬಗಳು ಸುಖವಾಗಿ ಪ್ರಯಾಣ ಮಾಡಿದುವು. ಬಸ್ಸಿನ ಮೆಟ್ಟಿಲು ಎತ್ತರವೆಂದು ಕಂಡು ಭೈರಹವಾದ ಅಂಗಡಿಯಲ್ಲಿ ಒಂದು ಪ್ಲಾಸ್ಟಿಕ್ ಮಣೆಯನ್ನು ಕೊಂಡವರೂ ಅವರೇ. ಆರು ದಿನಗಳಲ್ಲಿ ಆ ಮಣೆಯಷ್ಟು ಉಪಕಾರ ಮಾಡಿದ ವಸ್ತು ಬೇರೊಂದಿಲ್ಲ.

ಒಲೆಯನ್ನೂ ಗ್ಯಾಸಿನ ಸಿಲಿಂಡರನ್ನೂ ಬಸ್ಸಿನೊಳಗೆ ಇಟ್ಟುಕೊಳ್ಳುವ ಪದ್ಧತಿ ನಮ್ಮ ಯಾತ್ರಿಕರಲ್ಲಿ ಬಲವಾಗಿ ಬೇರೂರಿದೆ. 2023ನೆಯ ಆಗಸ್ಟ್ 26ರಂದು ಮಧುರೆಯಲ್ಲಿ ನಿಂತಿದ್ದ ಯಾತ್ರಿಕರ ರೈಲುಗಾಡಿಯ ಡಬ್ಬಿಯೊಂದರಲ್ಲಿ ಇಂತಹ ಸಿಲಿಂಡರಿನಿಂದಲೇ ಬೆಂಕಿ ಹತ್ತಿ 9 ಮಂದಿ ಸತ್ತರು. ಅಡಿಗೆಯವನನ್ನು ಕರೆದೊಯ್ಯಲಿ, ಒಲೆಯನ್ನು ಇಳಿದ ಊರಿನಲ್ಲಿ ಬಾಡಿಗೆಗೆ ತೆಗೆದುಕೊಳ್ಳಲಿ.

ಗೃಹಿಣಿಯರು ಕೇಳಲು ಸಂಕೋಚಪಡುವ ಮಾತೊಂದಿದೆ. ಎರಡೆರಡು ಗಂಟೆಗೊಮ್ಮೆ ಶೌಚಾಲಯವಿರುವ ಕಡೆ ಬಸ್ಸನ್ನು ನಿಲ್ಲಿಸತಕ್ಕದ್ದೆಂದು ಕರಾರಿನಲ್ಲಿಯೇ ಬರೆಸಬೇಕು. ಇಲ್ಲವಾದರೆ ವಯಸ್ಸಾದ ಹೆಂಗಸರು ಬೆಳಗಿನಿಂದ ನೀರನ್ನೇ ಮುಟ್ಟದೆ ಕುಳಿತುಬಿಡುತ್ತಾರೆ, ಸಂಜೆಗೆ ತಲೆನೋವು, ಮಾರನೆಯ ದಿನ ಜ್ವರ. ಟೈರುಗಳ ಹಲ್ಲು ಸವೆದಿದೆಯೇ, ಸ್ಟೆಪ್ನಿ ಇದೆಯೇ, ಡ್ರೈವರಿನ ಊಟವಸತಿ ಯಾರ ಲೆಕ್ಕ, ಗಾಡಿ ನಿಲ್ಲಿಸುವ ಸುಂಕ ಯಾರದು ಎಂಬುವನ್ನು ಎಲ್ಲರೂ ಬಲ್ಲರು, ಬೆಳೆಸುವುದಿಲ್ಲ.

ಯಾರೂ ಕೇಳದ ಪ್ರಶ್ನೆ ಇನ್ನೊಂದು ಉಳಿದಿದೆ. ಡ್ರೈವರು ಯಾವಾಗ ಮಲಗುತ್ತಾನೆ?

ಬಸ್ಸಿನವನು ಮೊದಲು ನಮಗೆ ಹೇಳಿದ ಬಾಡಿಗೆಯಲ್ಲಿ ಇಬ್ಬರು ಡ್ರೈವರುಗಳಿದ್ದರು. ಎರಡನೆಯವನಿಗೆ ಆರು ದಿನಕ್ಕೆ 9,600 ನೇಪಾಳಿ ರೂಪಾಯಿ, ಎಂದರೆ ನಮ್ಮ 6,000. ಇದನ್ನು ಕಡಿಮೆ ಮಾಡೆಂದು ನಾವೇ ಹೇಳಿ, ಒಬ್ಬನೇ ಸಾಕೆಂದು ಬರೆಯಿಸಿ, ಸಹಿ ಹಾಕಿದೆವು. ತಲೆಗೆ 353 ರೂಪಾಯಿ ಉಳಿಯಿತೆಂದು ನಮ್ಮ ಮಂದಿಯೆಲ್ಲ ನಮ್ಮ ಜಾಣ್ಮೆಯನ್ನು ಹೊಗಳಿದರು. ಆ ಹೊಗಳಿಕೆಯನ್ನು ನಾವು ಸಂತೋಷದಿಂದ ಸ್ವೀಕರಿಸಿದೆವೆಂಬುದನ್ನೂ ಮುಚ್ಚಿಡಬಾರದು.

ಬುಟವಲದಿಂದ ಪೋಖರಾಕ್ಕೆ ಸುಮಾರು 160 ಕಿಲೋಮೀಟರು, ಪೋಖರಾದಿಂದ ಕಾಠಮಾಂಡುವಿಗೆ ಸುಮಾರು 200. ಬೆಂಗಳೂರಿನಿಂದ ಹಾಸನಕ್ಕೆ ಹೋದಂತೆ ಲೆಕ್ಕಹಾಕಬಾರದು. ಎರಡನೆಯ ದಾರಿಗೆ ಎಂಟೊಂಬತ್ತು ಗಂಟೆ ಹಿಡಿಯುತ್ತದೆ. ನಾವು ಹೋದಾಗ ರಸ್ತೆಯನ್ನು ಅಗಲಮಾಡುವ ಕೆಲಸ ನಡೆಯುತ್ತಿದ್ದುದರಿಂದ ಇನ್ನೂ ಹೆಚ್ಚು. ನಮ್ಮ ದೇಶದಲ್ಲಿ 1961ನೆಯ ಇಸವಿಯ ಮೋಟಾರು ಸಾರಿಗೆ ಕೆಲಸಗಾರರ ಶಾಸನವು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಸಾಮಾನ್ಯ ನಿಯಮ ಮಾಡಿತು. ಯೂರೋಪಿನ ದೇಶಗಳಲ್ಲಿ ಬಸ್ಸು ನಡೆಸುವವನು ನಾಲ್ಕೂವರೆ ಗಂಟೆಗೆ ಮುಕ್ಕಾಲು ಗಂಟೆ ಬಿಡುವು ತೆಗೆದುಕೊಳ್ಳಲೇಬೇಕು, ದಿನಕ್ಕೆ ಒಂಬತ್ತು ಗಂಟೆಯನ್ನು ಸಾಮಾನ್ಯವಾಗಿ ಮೀರಬಾರದು, ಗಾಡಿಯಲ್ಲಿರುವ ಯಂತ್ರವೇ ಇದನ್ನು ಬರೆದಿಡುತ್ತದೆ. ನಮ್ಮ ಬಸ್ಸಿನಲ್ಲಿ ಬರೆದಿಡುವ ಯಂತ್ರವಿರಲಿಲ್ಲ. ಪುಣ್ಯಕ್ಕೆ ನಮ್ಮ ಮನೆಯವರಿದ್ದರು.

ಅಂದು ಭಾನುವಾರ, ಪೋಖರಾದಲ್ಲಿ. ಅನ್ನಪೂರ್ಣಾ ಶಿಖರಗಳ ಮೇಲೆ ಸೂರ್ಯೋದಯವನ್ನು ನೋಡಬೇಕೆಂದು ಬೆಳಿಗ್ಗೆ ನಾಲ್ಕು ಗಂಟೆಗೇ ಸಾರಂಗಕೋಟಕ್ಕೆ ಹೊರಡಿಸಿದೆವು. ಡ್ರೈವರು ಮೂರಕ್ಕೆ ಎದ್ದಿರಬೇಕು. ಆಮೇಲೆ ವಿಂಧ್ಯವಾಸಿನಿ, ಆಮೇಲೆ ಫೇವಾ ಸರೋವರ, ಆಮೇಲೆ ಅಂಗಡಿಬೀದಿ. ಮಧ್ಯಾಹ್ನ ಅವನು ಬಸ್ಸಿನಲ್ಲಿ ಒರಗಿದಾಗಲೆಲ್ಲ ನಮ್ಮವರಲ್ಲಿ ಯಾರಾದರೊಬ್ಬರು ಮರೆತ ಚೀಲಕ್ಕೆಂದು ಬಾಗಿಲು ತಟ್ಟುತ್ತಿದ್ದರು. ಸಂಜೆ ನಮ್ಮ ಭಾವಮೈದುನನು ಒಂದು ಸಲಹೆ ತಂದನು. ರಾತ್ರಿ ಒಂಬತ್ತಕ್ಕೆ ಹೊರಟರೆ ಬೆಳಗಾಗುವಷ್ಟರಲ್ಲಿ ಕಾಠಮಾಂಡು, ಒಂದು ರಾತ್ರಿಯ ಕೊಠಡಿಗಳ ಬಾಡಿಗೆ ಉಳಿತಾಯ, ಸೋಮವಾರ ಬೆಳಿಗ್ಗೆ ಪಶುಪತಿಯ ದರ್ಶನ.

ಈ ಸೋಮವಾರವು ಸಾಮಾನ್ಯವಾದುದಾಗಿರಲಿಲ್ಲ. ನಮ್ಮ ಅಕ್ಕನವರು ಹದಿನಾರು ಸೋಮವಾರಗಳ ವ್ರತವನ್ನು ಹಿಡಿದು, ಹದಿನಾರನೆಯದನ್ನು ಪಶುಪತಿಯ ಸನ್ನಿಧಿಯಲ್ಲಿ ಮುಗಿಸಬೇಕೆಂದು ಸಂಕಲ್ಪ ಮಾಡಿಕೊಂಡಿದ್ದರು. ಯಾತ್ರೆಯ ದಿನಗಳನ್ನೆಲ್ಲ ಅದಕ್ಕಾಗಿಯೇ ಹೊಂದಿಸಿದ್ದೆವು. ಅವರಿಗೆ 72 ವರ್ಷ. ಎಲ್ಲರೂ ಗಂಟುಕಟ್ಟತೊಡಗಿದರು. ಆಗ ನಮ್ಮ ಮನೆಯವರು ಕಿಟಕಿಯ ಬಳಿಗೆ ಕರೆದು, "ಆ ಹುಡುಗ ಮುಖ ತೊಳೆಯುತ್ತಿರುವುದು ಇದು ಮೂರನೆಯ ಸಲ, ನೋಡಿದಿರಾ?" ಎಂದರು. ಕೆಳಗೆ ನಲ್ಲಿಯ ಹತ್ತಿರ ಡ್ರೈವರು ತಣ್ಣೀರನ್ನು ಕಣ್ಣಿಗೆ ಎರಚಿಕೊಳ್ಳುತ್ತಿದ್ದನು. ಮಾರ್ಗಶಿರದ ಚಳಿ.

ಇಳಿದುಹೋಗಿ, ಎಷ್ಟು ಗಂಟೆ ನಿದ್ದೆ ಮಾಡಿದೆಯಪ್ಪ ಎಂದು ಹಿಂದಿಯಲ್ಲಿ ಕೇಳಿದೆವು. "ರೂಢಿಯಾಗಿದೆ, ಗುರೂಜೀ" ಎಂದು ನಕ್ಕನು. ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದಿ ಬಂದು, ಉತ್ತರಪತ್ರಿಕೆಯ ಮೇಲೆ ಗೀಟು ಎಳೆದುಕೊಂಡು ತೂಕಡಿಸಿದ ಹುಡುಗರು ನಮಗೆ ಇದೇ ಮಾತನ್ನು ಹೇಳುತ್ತಿದ್ದರು. ಪೋಖರಾದಲ್ಲಿ ಇನ್ನೊಬ್ಬ ಡ್ರೈವರನ್ನು ಆ ಹೊತ್ತಿನಲ್ಲಿ ಹುಡುಕಿಸಿದೆವು, ಸಿಕ್ಕಲಿಲ್ಲ. ಕರಾರಿಗೆ ಸಹಿ ಹಾಕಿದವರು ನಾವಾದುದರಿಂದ, ಬೆಳಿಗ್ಗೆ ಐದಕ್ಕೆ ಮುಂಚೆ ಬಸ್ಸು ಕದಲಕೂಡದೆಂದು ಡ್ರೈವರಿಗೆ ಹೇಳಿ ಮೇಲಕ್ಕೆ ಬಂದೆವು.

"ಭಾವ, ನಡೆಸುವವನಿಗೇ ಇಲ್ಲದ ಭಯ ನಿಮಗೇಕೆ?" ಎಂದು ಭಾವಮೈದುನನು ಕೇಳಿದನು. ಒಬ್ಬ ಡ್ರೈವರು ಸಾಕೆಂದು ನಿರ್ಣಯಿಸಿದವರು ನೀವೇ ಅಲ್ಲವೇ ಎಂದೂ ಕೇಳಿದನು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಅಕ್ಕನವರು ಮಾತ್ರ ಜಗಳವಾಡಲಿಲ್ಲ. "ಹದಿನಾರನೆಯ ಸೋಮವಾರ ಕಣೋ" ಎಂದಷ್ಟೇ ಹೇಳಿ, ಕಟ್ಟಿದ್ದ ಗಂಟಿನ ಪಕ್ಕದಲ್ಲಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಐದಕ್ಕೆ ಹೊರಟರೆ ಸಂಜೆಯ ಆರತಿಯಾದರೂ ಸಿಕ್ಕುವುದೆಂದು ನಾವು ಸಮಾಧಾನ ಹೇಳಿದೆವು. ಅದನ್ನು ಅವರು ನಂಬಿದರೋ ಇಲ್ಲವೋ ತಿಳಿಯದು. ಅದೇ ವಸತಿಗೃಹದಲ್ಲಿ ಇಳಿದಿದ್ದ ಗುಜರಾತಿನ ಯಾತ್ರಿಕರ ಬಸ್ಸು ಒಂಬತ್ತು ಗಂಟೆಗೆ ಹೊರಟಿತು. ಅದರ ಸದ್ದು ಇಳಿದುಹೋಗುವವರೆಗೂ ನಮ್ಮ ಕೊಠಡಿಯಲ್ಲಿ ಯಾರೂ ಮಾತನಾಡಲಿಲ್ಲ.

ಮಾರನೆಯ ದಿನ ಅಂಬುಖೈರೇನಿಯ ಸಮೀಪದಲ್ಲಿ ಬಸ್ಸು ಇದ್ದಕ್ಕಿದ್ದಂತೆ ನಿಧಾನವಾಯಿತು. ಡ್ರೈವರು ಏನನ್ನೂ ಹೇಳದೆ ಕೈಯನ್ನು ಮಾತ್ರ ಕೆಳಗೆ ತೋರಿಸಿದನು. ಬಹಳ ಆಳದಲ್ಲಿ ಮರ್ಸ್ಯಾಂಗ್ದಿಯು ಹಸುರಾಗಿ ಹರಿಯುತ್ತಿತ್ತು. ಆಗಸ್ಟಿನ ಅಪಘಾತದ ಸ್ಥಳ ಅದೇ ಪ್ರಾಂತ. ಅಕ್ಕನವರು ಕಿಟಕಿಯಿಂದ ನೋಡಿದರು, ಕೈ ಮುಗಿದರು. ಮುಂದೆ ರಸ್ತೆಯ ಕೆಲಸದವರು ಎರಡು ಕಡೆ ತಡೆದು ನಿಲ್ಲಿಸಿದ್ದರಿಂದ, ಮೂರು ಗಂಟೆಗೆ ಮುಟ್ಟಬೇಕಾದವರು ಕಾಠಮಾಂಡುವನ್ನು ಮುಟ್ಟಿದಾಗ ರಾತ್ರಿ ಎಂಟೂವರೆ. ಗುಡಿಯ ಬಾಗಿಲು ಹಾಕಿತ್ತು. ಅಕ್ಕನವರು ಹೊರಗಡೆಯೇ ಕಲ್ಲುಚಪ್ಪಡಿಯ ಮೇಲೆ ಒಂದು ತೆಂಗಿನಕಾಯಿಯನ್ನಿಟ್ಟು ನಮಸ್ಕಾರ ಮಾಡಿ ಬಂದರು.

ಮಂಗಳವಾರ ಬೆಳಿಗ್ಗೆ ದರ್ಶನವಾಯಿತು. ಪ್ರಾಕಾರದಲ್ಲಿ ಆ ಗುಜರಾತಿನವರು ಸಿಕ್ಕಿದರು. ಅವರು ಸೋಮವಾರ ನಸುಕಿಗೇ ಸುಖವಾಗಿ ತಲಪಿ, ಎರಡು ಸಲ ದರ್ಶನ ಮಾಡಿದ್ದರು. ಇದನ್ನು ಕೇಳುವಾಗ ಭಾವಮೈದುನನು ನಮ್ಮ ಮುಖವನ್ನೇ ನೋಡುತ್ತಿದ್ದನು.

ಹಾಸನದ ವಾಚಕರು ತಮ್ಮ ಕರಾರಿನಲ್ಲಿ ಇಬ್ಬರು ಡ್ರೈವರುಗಳ ಹೆಸರನ್ನೂ ಲೈಸೆನ್ಸಿನ ಸಂಖ್ಯೆಯನ್ನೂ ಬರೆಯಿಸಲಿ. ಕತ್ತಲಾದ ಮೇಲೆ ಬೆಟ್ಟದ ದಾರಿಯಲ್ಲಿ ಬಸ್ಸು ನಡೆಯಕೂಡದೆಂದು ಬರೆಯಿಸಲಿ. ಹೀಗೆ ಬರೆದಿದ್ದರೆ ಪೋಖರಾದ ಆ ಸಂಜೆಯಲ್ಲಿ ನಿಷ್ಠುರವು ಕಾಗದದ ಮೇಲೆ ಹೋಗುತ್ತಿತ್ತು, ನಮ್ಮ ಮೇಲೆ ಬರುತ್ತಿರಲಿಲ್ಲ. ದೇವರ ದಿನವೊಂದಿದ್ದರೆ ಅದರ ಹಿಂದಿನ ದಿನವೇ ಆ ಊರನ್ನು ಮುಟ್ಟುವಂತೆ ದಾರಿಯನ್ನು ಹೊಂದಿಸಲಿ. ನಾವು ಶನಿವಾರವೇ ಪೋಖರಾವನ್ನು ಬಿಟ್ಟಿದ್ದರೆ ಸಾಕಾಗಿತ್ತು. ಸರೋವರದಲ್ಲಿ ದೋಣಿವಿಹಾರ ತಪ್ಪುತ್ತಿತ್ತು, ಅಷ್ಟೆ.

ಪೋಖರಾದ ಆ ಹೆಚ್ಚಿನ ರಾತ್ರಿಯ ಕೊಠಡಿಗಳ ಬಾಡಿಗೆಯನ್ನು ನಾವೇ ಕೊಟ್ಟೆವು. ಊರಿಗೆ ಬಂದ ಮೇಲೆ ಯಾತ್ರೆಯ ಲೆಕ್ಕವನ್ನು ಎಲ್ಲರಿಗೂ ಬರೆದು ಕಳುಹಿಸುವಾಗ ಅದನ್ನು ಸೇರಿಸಲಿಲ್ಲ. ಅಕ್ಕನವರು ವ್ರತದ ಉದ್ಯಾಪನೆಯನ್ನು ಊರಿನ ಈಶ್ವರನ ಗುಡಿಯಲ್ಲಿ ಮಾಘಮಾಸದಲ್ಲಿ ಮಾಡಿಸಿದರು. ನಮ್ಮನ್ನು ಕರೆದಿದ್ದರು, ಹೋಗಿ ಊಟಮಾಡಿ ಬಂದೆವು. ಪೋಖರಾದ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮುಕ್ತಿನಾಥಕ್ಕೂ ಇದೇ ಬಸ್ಸಿನಲ್ಲಿ ಹೋಗಬಹುದೇ ಎಂದು ಅದೇ ಕಾಗದದಲ್ಲಿ ಕೇಳಿದ್ದಾರೆ. ಅದು 3,700 ಮೀಟರಿಗೂ ಎತ್ತರದ ಸ್ಥಳ. ಪೋಖರಾದಿಂದ ಮುಂದಕ್ಕೆ ದೊಡ್ಡ ಬಸ್ಸನ್ನು ನೆಚ್ಚದೆ ಜೀಪುಗಳನ್ನು ಹಿಡಿಯುವುದು ಮೇಲು. ಆ ಜೀಪುಗಳ ಕರಾರು ಬೇರೆಯ ಬಗೆಯದು. ಬರುವ ತಿಂಗಳು ಬರೆಯುವೆವು.